ಬ್ರಿಟನ್ ಸುದ್ದಿ ಓದುವಾಗ ‘ರಾಜ’ ಅನ್ನೋ ಪದ ತೆಗೆದು ನೋಡಿ

ರಾಜ ಪ್ರಧಾನಿಯನ್ನು ನೇಮಿಸಿದರು, ರಾಜ ಸಂಸತ್ತು ವಿಸರ್ಜಿಸಿದರು, ರಾಜ ಮಸೂದೆಗೆ ಒಪ್ಪಿಗೆ ಕೊಟ್ಟರು. ಬ್ರಿಟನ್ ಸುದ್ದಿ ಓದಿದರೆ ಎಲ್ಲಾ ಅವರದೇ ಕಾರುಬಾರು ಅನ್ನಿಸುತ್ತದೆ ಅಲ್ವಾ? ಮೊದಲು ಒಂದು ಕೆಲಸ ಮಾಡಿ. ‘ರಾಜ’ ಅಂತ ಇರುವ ಕಡೆ ‘ಸರ್ಕಾರ’ ಅಂತ ಹಾಕಿಕೊಂಡು ಓದಿ. ಬಹುಪಾಲು ಗೊಂದಲ ಅಲ್ಲೇ ಮುಗಿಯುತ್ತದೆ.

ಸಂಸತ್ತಿನ ಅಧಿವೇಶನ ಶುರುವಾಗುವ ದಿನದ ವಿಡಿಯೊ ನೋಡಿ. ರಾಜ ಕಿರೀಟ ಇಟ್ಟುಕೊಂಡು, ಮೇಲ್ಮನೆಯಾದ ಲಾರ್ಡ್ಸ್ ಸಭೆಯಲ್ಲಿ ಕೂತು, ‘ನನ್ನ ಸರ್ಕಾರ’ ಅಂತ ಭಾಷಣ ಓದುತ್ತಾರೆ. ಬರೆದುಕೊಟ್ಟಿದ್ದು ಮಂತ್ರಿಗಳು. ನಮ್ಮ ರಾಜ್ಯಪಾಲರ ಭಾಷಣದ ಹಾಗೇ. ಅದಕ್ಕೂ ಮುಂಚೆ ಜನ ಆರಿಸಿದ ಕೆಳಮನೆಯಾದ ಕಾಮನ್ಸ್‌ನ ಸದಸ್ಯರನ್ನು ಕರೆಯಲು ‘ಬ್ಲ್ಯಾಕ್ ರಾಡ್’ ಎಂಬ ಅಧಿಕಾರಿ ಹೋದರೆ, ಅವರ ಮುಖದ ಮೇಲೇ ಬಾಗಿಲು ದಢಾರನೆ ಹಾಕುತ್ತಾರೆ! ಕೋಲಿನಿಂದ ಮೂರು ಸಲ ಬಡಿದ ಮೇಲೇ ಒಳಗೆ ಬಿಡುವುದು. 1642ರಲ್ಲಿ ಒಂದನೇ ಚಾರ್ಲ್ಸ್ ಐವರು ಸದಸ್ಯರನ್ನು ಹಿಡಿಯಲು ಸೈನಿಕರ ಜೊತೆ ಬಂದಿದ್ದ, ಆ ಸಿಟ್ಟು ಇನ್ನೂ ಇಳಿದಿಲ್ಲ.

ಎರಡನೇ ಕೆಲಸ: ಸುದ್ದಿಯಲ್ಲಿ ಬರುವ ನಿಯಮ ಕಾಯ್ದೆಯಾ, ರೂಢಿಯಾ ಅಂತ ಕೇಳಿಕೊಳ್ಳಿ. ಬ್ರಿಟನ್ನಿನದು ‘ಬರೆಯದ ಸಂವಿಧಾನ’ ಅನ್ನುವುದು ಅರ್ಧ ಸತ್ಯ. ಬರೆದದ್ದು ಬೇಕಾದಷ್ಟಿದೆ, ಒಂದೇ ಪುಸ್ತಕದಲ್ಲಿಲ್ಲ ಅಷ್ಟೇ. ಹಳೇ ಮನೆ ಅಟ್ಟದ ಪೆಟ್ಟಿಗೆ ಇದ್ದ ಹಾಗೆ: 1689ರ ಹಕ್ಕುಗಳ ಮಸೂದೆ, ಲಾರ್ಡ್ಸ್ ಸಭೆಯ ಹಲ್ಲು ಕಿತ್ತ 1911ರ ಕಾಯ್ದೆ, 1998ರ ಮಾನವ ಹಕ್ಕುಗಳ ಕಾಯ್ದೆ, ಒಂದಷ್ಟು ಕೋರ್ಟ್ ತೀರ್ಪು, ಉಳಿದದ್ದು ‘ನಮ್ಮಲ್ಲಿ ಹೀಗೇ ಮಾಡುವುದು’ ಅನ್ನೋ ರೂಢಿ. ಪ್ರಧಾನಿ ಕಾಮನ್ಸ್ ಸದಸ್ಯರಾಗಿರಬೇಕು ಅಂತ ಯಾವ ಕಾಯ್ದೆಯೂ ಹೇಳುವುದಿಲ್ಲ. ಆದರೂ 1963ರಲ್ಲಿ ಪ್ರಧಾನಿಯಾದ ಅಲೆಕ್ ಡಗ್ಲಸ್-ಹ್ಯೂಮ್ ತಮ್ಮ ಲಾರ್ಡ್ ಪಟ್ಟ ಬಿಟ್ಟು, ಉಪಚುನಾವಣೆ ಗೆದ್ದು ಕಾಮನ್ಸ್‌ಗೆ ಬಂದರು. ಎರಡೂ ಸದನ ಪಾಸು ಮಾಡಿದ ಮಸೂದೆಗೆ ಕೊನೆಯ ಸಲ ಒಪ್ಪಿಗೆ ನಿರಾಕರಿಸಿದ್ದು 1708ರಲ್ಲಿ, ರಾಣಿ ಆ್ಯನ್. ಈಗ ಯಾರಾದರೂ ಮಾಡಿದರೆ ರಾಜನ ಕುರ್ಚಿಯೇ ಅಲ್ಲಾಡುತ್ತದೆ. ಆ ಭಯವೇ ರೂಢಿಗೆ ಕಾವಲು.

ಹಾಗಾದರೆ ಪ್ರಧಾನಿಯನ್ನು ಹಿಡಿಯುವವರು ಯಾರು? 2019 ನೋಡಿ, ನನಗೆ ಅದಕ್ಕಿಂತ ಒಳ್ಳೆ ಪಾಠ ಸಿಕ್ಕಿಲ್ಲ. ಯುರೋಪಿಯನ್ ಒಕ್ಕೂಟ ಬಿಡುವ ಬ್ರೆಕ್ಸಿಟ್ ಗಲಾಟೆ ಜೋರಾಗಿದ್ದಾಗ ಆಗಿನ ಪ್ರಧಾನಿ ಬೋರಿಸ್ ಜಾನ್ಸನ್ ಸಂಸತ್ತನ್ನು ಐದು ವಾರ ಮುಚ್ಚಿಡಿ ಅಂತ ಎಲಿಜಬೆತ್ ರಾಣಿಗೆ ಸಲಹೆ ಕೊಟ್ಟರು. ಹೆಸರಿಗೆ ಸಲಹೆ, ಬೇಡ ಅನ್ನುವ ಹಾಗಿಲ್ಲ, ಹಾಗಾಗಿ ರಾಣಿ ಒಪ್ಪಿದರು. ಸೆಪ್ಟೆಂಬರ್ 24ರಂದು ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳೂ ಒಂದೇ ಮಾತು ಹೇಳಿದರು: ಆ ಸಲಹೆಯೇ ಕಾನೂನುಬಾಹಿರ, ಹಾಗಾಗಿ ಆದೇಶ ಖಾಲಿ ಹಾಳೆಗೆ ಸಮ. ಮರುದಿನವೇ ಸಂಸತ್ತು ಸೇರಿತು. ತಪ್ಪು ರಾಣಿಯ ತಲೆಗೆ ಬರಲಿಲ್ಲ, ಸಲಹೆ ಕೊಟ್ಟವರ ತಲೆಗೆ ಬಂತು.

ಆದರೆ ಇದೇ ಕೋರ್ಟು ಸಂಸತ್ತಿನ ಕಾಯ್ದೆಯನ್ನು ಹೊಡೆದುಹಾಕುವ ಹಾಗಿಲ್ಲ. ನಮ್ಮವರು ಎಡವುವುದು ಜಾಸ್ತಿ ಇಲ್ಲೇ. ನಮ್ಮಲ್ಲಿ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಹೂಡಿದ ಕೇಸಿನಲ್ಲಿ, 1973ರಲ್ಲಿ, ಸಂವಿಧಾನದ ಮೂಲ ರಚನೆಯನ್ನು ಸಂಸತ್ತು ಕೂಡ ಮುಟ್ಟುವಂತಿಲ್ಲ ಅಂತ ತೀರ್ಪು ಬಂತು. ಅಲ್ಲಿ ಅಂಥ ಬೇಲಿ ಇಲ್ಲ. 2011ರಲ್ಲಿ ಒಂದು ಕಾಯ್ದೆ ಮಾಡಿ, ಅವಧಿಗೆ ಮುಂಚೆ ಚುನಾವಣೆ ಬೇಕಾದರೆ ಕಾಮನ್ಸ್‌ನ ಮೂರನೇ ಎರಡರಷ್ಟು ಸದಸ್ಯರು ಒಪ್ಪಬೇಕು, ಇಲ್ಲವೇ ಸರ್ಕಾರ ವಿಶ್ವಾಸ ಕಳೆದುಕೊಳ್ಳಬೇಕು ಅಂತ ಕಟ್ಟು ಹಾಕಿದರು. 2019ರಲ್ಲಿ ಅಷ್ಟು ಮತ ಸಿಗಲಿಲ್ಲ. ಸರಿ, ಚುನಾವಣೆಗೆಂದೇ ಪುಟ್ಟದೊಂದು ಕಾಯ್ದೆ ತಂದು, ಬರೀ ಬಹುಮತದಿಂದ ಪಾಸು ಮಾಡಿ ಕೆಲಸ ಮುಗಿಸಿದರು! 2022ರಲ್ಲಿ ಹಳೆಯದನ್ನೇ ರದ್ದು ಮಾಡಿದರು. ಹಾಗಾಗಿ ‘ಇದು ಸಂವಿಧಾನಕ್ಕೆ ವಿರುದ್ಧ’ ಅಂತ ಅಲ್ಲಿನ ರಾಜಕಾರಣಿ ಕೂಗಿದರೆ ಕಾಯ್ದೆ ಮುರಿದಿದ್ದಾರಾ, ಬರೀ ರೂಢಿ ಮುರಿದಿದ್ದಾರಾ ಅಂತ ಮೊದಲು ನೋಡಿ. ಕಾಯ್ದೆಯಾದರೆ ಕೋರ್ಟಿಗೆ ಹೋಗಬಹುದು. ರೂಢಿಯಾದರೆ ಸಂಸತ್ತು, ಪತ್ರಿಕೆ, ಮತದಾರ, ಇಷ್ಟೇ ದಾರಿ.

ಅಂದಹಾಗೆ, ಓದಲೋ ಕೆಲಸಕ್ಕೋ ಅಲ್ಲಿಗೆ ಹೋಗಿರುವವರೇ, ನಿಮ್ಮದು ಭಾರತದ ಪಾಸ್‌ಪೋರ್ಟ್ ಆದರೂ ಕಾಮನ್‌ವೆಲ್ತ್ ಪ್ರಜೆಗಳಾಗಿ ನೀವು ಅಲ್ಲಿನ ಸಂಸತ್ ಚುನಾವಣೆಯಲ್ಲಿ ಮತ ಹಾಕಬಹುದು. ಪಟ್ಟಿಗೆ ಹೆಸರು ಸೇರಿಸಿ. ಮತಗಟ್ಟೆಗೆ ಅದೇ ಪಾಸ್‌ಪೋರ್ಟ್ ತೆಗೆದುಕೊಂಡು ಹೋದರೆ ಸಾಕು.