ಹಳೆ ಮಾರುತಿ 800 ಕಾರನ್ನು ಗುಜರಿಗೆ ಹಾಕದೆ ಉಳಿಸಿಕೊಳ್ಳುವುದು ಹೇಗೆ?

ನಮ್ಮ ಮಾರುತಿ 800 ಅಪ್ಪ 1998ರಲ್ಲಿ ತಗೊಂಡ ಕಾರು. ಕಾರ್ಬುರೇಟರ್ ಇರುವ ಮಾಡೆಲ್. ಇಷ್ಟು ವರ್ಷ ಮಲೆನಾಡಿನ ನಮ್ಮೂರು ಸಾಗರದ ಮಳೆ ತಿಂದಿದೆ, ಇವತ್ತಿಗೂ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. "ಗುಜರಿಗೆ ಹಾಕಿ ಹೊಸದು ತಗೊಳ್ಳಿ" ಅನ್ನುವವರು ಸಿಗುತ್ತಲೇ ಇರುತ್ತಾರೆ. ನನಗೆ ಮನಸ್ಸಿಲ್ಲ. ಈ ಕಾರು ತಯಾರಾಗುವುದು 2014ರಲ್ಲೇ ನಿಂತಿತು, ನಿಜ. ಆದರೆ ಇದೇ 796 ಸಿಸಿ ಎಂಜಿನ್ ಓಮ್ನಿಯಲ್ಲೂ ಇತ್ತು. ಹಾಗಾಗಿ ಸ್ಪೇರ್ ಸಿಗುತ್ತದೆ, ಬಿಚ್ಚಿ ಸರಿ ಮಾಡಬಲ್ಲವರೂ ಸಿಗುತ್ತಾರೆ.

ಏನೇ ಕೆಟ್ಟರೂ ಮೊದಲು ಮೆಕ್ಯಾನಿಕ್‌ನನ್ನು ಒಂದು ಮಾತು ಕೇಳಿ: "ಇದರೊಳಗೆ ಏನು ಹೋಗಿದೆ, ತೋರಿಸಿ."

ಒಮ್ಮೆ ಬೆಂಗಳೂರಿನಲ್ಲಿ ಬ್ಯಾಟರಿ ಲೈಟ್ ಹತ್ತಿಕೊಂಡಿತು. ಹತ್ತಿರದ ಒಂದು ವರ್ಕ್‌ಶಾಪಿನಲ್ಲಿ ಬಾನೆಟ್ ಎತ್ತಿದ್ದೇ ತಡ, "ಡೈನಮೋ ಹೋಗಿದೆ, ಪೂರ್ತಿ ಹೊಸದೇ ಹಾಕ್ಬೇಕು" ಅಂದರು. ನಾನು ಒಪ್ಪಲಿಲ್ಲ. ಜೆ.ಸಿ. ರಸ್ತೆಯ ಹತ್ತಿರ ಒಬ್ಬರು ವಯಸ್ಸಾದ ಆಟೋ ಎಲೆಕ್ಟ್ರಿಷಿಯನ್, ಬ್ಯಾಟರಿ ಚಾರ್ಜ್ ಮಾಡುವ ಆ ಡೈನಮೋವನ್ನು (ಆಲ್ಟರ್ನೇಟರ್) ಕಳಚಿ, ಎರಡು ಕಾರ್ಬನ್ ಬ್ರಶ್ ತೆಗೆದು ನನ್ನ ಅಂಗೈ ಮೇಲಿಟ್ಟರು. ಸವೆದು ಸವೆದು ಕಿರುಬೆರಳಿನ ಉಗುರಿನಷ್ಟೂ ಉಳಿದಿರಲಿಲ್ಲ. "ನೋಡಮ್ಮಾ, ಹೋಗಿರೋದು ಇಷ್ಟೇ" ಅಂದರು. ಬ್ರಶ್ ಜೊತೆ ಬೇರಿಂಗನ್ನೂ ಬದಲಿಸಿಕೊಟ್ಟರು. ಅದೇ ಡೈನಮೋ ಇನ್ನೂ ಕೆಲಸ ಮಾಡುತ್ತಿದೆ.

ಅಂದಿನಿಂದ ಒಂದು ಮಲ್ಟಿಮೀಟರ್ ಮನೆಯಲ್ಲೇ ಇಟ್ಟಿದ್ದೇನೆ. ಎಂಜಿನ್ ಆಫ್ ಇದ್ದಾಗ ಬ್ಯಾಟರಿಯಲ್ಲಿ ಸುಮಾರು 12.6 ವೋಲ್ಟ್ ಇರಬೇಕು. ಎಂಜಿನ್ ಓಡುವಾಗ 14ರ ಆಸುಪಾಸು ಬರಬೇಕು. ಬರದಿದ್ದರೆ ಚಾರ್ಜ್ ಆಗುತ್ತಿಲ್ಲ ಅಂತ. ಸುಮ್ನೆ ಹೊಸ ಬ್ಯಾಟರಿ ತರಬೇಡಿ.

ರೇಡಿಯೇಟರಿಗೆ ಬೋರ್‌ವೆಲ್ ನೀರು ಹಾಕಲೇಬೇಡಿ. ಬಿಸಿನೀರಿನ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತಲ್ವಾ, ಎಂಜಿನ್ ಒಳಗೂ ಹಾಗೇ ಕಟ್ಟುತ್ತದೆ. ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ ಹಾಕಿ. ಎಂಜಿನ್ ಬಿಸಿ ಇದ್ದಾಗ ಮುಚ್ಚಳ ತೆಗೆಯಬೇಡಿ. ಎಂಜಿನ್ನಿನ ಬಿಸಿಯನ್ನು ಹದದಲ್ಲಿಡುವ ವಾಲ್ವ್, ಅಂದರೆ ಥರ್ಮೋಸ್ಟಾಟ್, ಕಿತ್ತು ಬಿಸಾಡುವ ಮೆಕ್ಯಾನಿಕ್‌ಗಳಿದ್ದಾರೆ, ಅದಕ್ಕೂ ಬಿಡಬೇಡಿ. ಅದಿಲ್ಲದಿದ್ದರೆ ಎಂಜಿನ್ ಸರಿಯಾಗಿ ಬಿಸಿಯಾಗಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಅನುಮಾನ ಬಂದರೆ ಅದನ್ನು ಒಂದು ಹಳೆ ಪಾತ್ರೆಯ ನೀರಿನಲ್ಲಿಟ್ಟು ಒಲೆ ಹಚ್ಚಿ. ನೀರು ಕುದಿಯುವಷ್ಟರಲ್ಲಿ ಬಾಯಿ ತೆರೆದರೆ ಅದು ಚೆನ್ನಾಗಿಯೇ ಇದೆ.

ನಮ್ಮ ಕಡೆ ಎಂಜಿನ್‌ಗಿಂತ ಮೊದಲು ಸಾಯುವುದು ತಗಡು. ಬಾಗಿಲಿನ ಕೆಳ ಅಂಚಿನಲ್ಲಿ ನೀರು ಹೋಗಲು ಸಣ್ಣ ತೂತುಗಳಿರುತ್ತವೆ. ಮಣ್ಣು, ಎಲೆಚೂರು ಸೇರಿ ಅವು ಮುಚ್ಚಿಕೊಂಡರೆ ನೀರು ಒಳಗೇ ನಿಂತು ತುಕ್ಕು ಶುರು. ಮೇ ತಿಂಗಳ ಕೊನೆಗೆ ನಾನು ಒಂದು ಹಿಡಿಕಡ್ಡಿ ಹಿಡಿದು ಅವನ್ನೆಲ್ಲ ಬಿಡಿಸುತ್ತೇನೆ. ಆಮೇಲೆ ಕಾಲಡಿಯ ಮ್ಯಾಟ್ ಎತ್ತಿ ಕೈಯಾಡಿಸುತ್ತೇನೆ. ಒದ್ದೆ ಇದ್ದರೆ ಪೂರ್ತಿ ಒಣಗಿಸಿಯೇ ಮತ್ತೆ ಹಾಸುವುದು.

ಎಂಜಿನ್ ಆಯಿಲ್ 5,000 ಕಿ.ಮೀ.ಗೆ ಅಥವಾ ವರ್ಷಕ್ಕೊಮ್ಮೆ, ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಿಸುತ್ತೇನೆ. ಎಂಜಿನ್ ವಾಲ್ವ್‌ಗಳನ್ನು ಸಮಯಕ್ಕೆ ಸರಿಯಾಗಿ ಆಡಿಸುವ ಟೈಮಿಂಗ್ ಬೆಲ್ಟ್ ಚೆನ್ನಾಗಿ ಕಂಡರೂ ವಯಸ್ಸಾದ ಮೇಲೆ ಬದಲಿಸಿ, ತುಂಡಾದರೆ ಕಾರು ದಾರಿಯಲ್ಲೇ ನಿಲ್ಲುತ್ತದೆ. ಪೆಟ್ರೋಲ್ ಪೈಪುಗಳನ್ನೂ ನೋಡಿ. ಈಗಿನ ಪೆಟ್ರೋಲಿನಲ್ಲಿ 20% ಎಥನಾಲ್ ಇರುತ್ತದೆ, ಹಳೆ ರಬ್ಬರಿಗೆ ಅದು ಆಗಿಬರುವುದಿಲ್ಲ. ಬಿರುಕು ಕಂಡರೆ, ಪೆಟ್ರೋಲ್ ವಾಸನೆ ಬಂದರೆ ಅವತ್ತೇ ಬದಲಿಸಿ.

15 ವರ್ಷ ಆದ ಮೇಲೆ ಆರ್‌ಸಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಹಸಿರು ತೆರಿಗೆ ಕಟ್ಟಿ, ಕಾರನ್ನು ಆರ್‌ಟಿಒ ಕಚೇರಿಗೆ ಒಯ್ದು ತೋರಿಸಬೇಕು. ನಮ್ಮದು 2013, 2018, 2023ರಲ್ಲಿ ಪಾಸಾಗಿದೆ. ಮುಂದಿನದು 2028ಕ್ಕೆ. ಡ್ರೈವರ್ ಕಡೆ ಬಾಗಿಲಿನ ಕೆಳಗೆ ಒಂದು ಗೇಣು ತುಕ್ಕು ಹಿಡಿದಿದೆ. ಮಳೆ ಹಿಡಿಯುವ ಮೊದಲು ಅಷ್ಟನ್ನೇ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಬೇಕು.