ಕಡಲೆ ಹೊಲದಲ್ಲಿ ಚಳಿಗಾಲದ ಲೆಕ್ಕ

ನಮ್ಮದು ಧಾರವಾಡ ಜಿಲ್ಲೆಯ ಅಣ್ಣಿಗೇರಿ, ನವಲಗುಂದ ಕಡೆಯ ಎರೆ ಹೊಲ, ಅಂದರೆ ಕಪ್ಪು ಮಣ್ಣಿನದು. ಕಣ್ಣು ಹಾಯಿಸಿದಷ್ಟು ದೂರ ಬಯಲು, ಅಲ್ಲೊಂದು ಇಲ್ಲೊಂದು ಜಾಲಿ ಗಿಡ. ಹಿಂಗಾರಿಗೆ ಕಡಲೆಯೇ ಜಾಸ್ತಿ. ಉಳಿದದ್ದರಲ್ಲಿ ಬಿಳಿಜೋಳ, ಅಂಚಿಗೆ ನಾಲ್ಕು ಸಾಲು ಕುಸುಬೆ. ನಮ್ಮ ಹೊಲಕ್ಕೆ ನೀರಾವರಿ ಇಲ್ಲ. ಬಿತ್ತುವಾಗ ನೆಲದಲ್ಲಿ ಎಷ್ಟು ಹಸಿ ಇದೆಯೋ ಅಷ್ಟೇ ಬಂಡವಾಳ. ಅಲ್ಲಿಂದ ಮುಂದೆ ಬೆಳೆ ನಡೆಯುವುದು ಚಳಿ ಮತ್ತು ಇಬ್ಬನಿಯ ಮೇಲೆ.

ಮುನ್ಸೂಚನೆ ಓದುವುದನ್ನು ನನಗೆ ಕಲಿಸಿದ್ದು 2021ರ ನವೆಂಬರ್. ಆ ತಿಂಗಳು ಕರ್ನಾಟಕದ ತುಂಬ ಅಕಾಲಿಕ ಮಳೆ ಸುರಿದದ್ದು ನಿಮಗೂ ನೆನಪಿರಬಹುದು. ನಮ್ಮ ಕಡಲೆಗೆ ಆಗ ಒಂದು ತಿಂಗಳು. ಸಾಲಿನ ನಡುವೆ ನೀರು ನಿಂತು, ನಾಲ್ಕೇ ದಿನಕ್ಕೆ ಗಿಡ ಹಳದಿ ತಿರುಗಿತು. ಪಕ್ಕದ ಹೊಲದಲ್ಲಿ ಮೆಣಸಿನಕಾಯಿ ಗಿಡದಲ್ಲೇ ಕೊಳೆಯಿತು. ಅದರ ಹಿಂದಿನ ವಾರವಷ್ಟೇ ಆಳು ಹಚ್ಚಿ ಕಳೆ ತೆಗೆಸಿದ್ದೆ, ಔಷಧಿ ಹೊಡೆಸಿದ್ದೆ. ಫೋನಿನಲ್ಲಿ ಮುನ್ಸೂಚನೆ ಇರಲಿಲ್ಲ ಅಂತಲ್ಲ. ನಾನು ನೋಡಿದ್ದು ಇವತ್ತಿನ ಚಿತ್ರ ಮಾತ್ರ. ಮೋಡದ ಗುರುತಿತ್ತು, ಕೆಳಗೆ ಹನಿ ಇರಲಿಲ್ಲ. ಸುಮ್ನೆ ಫೋನ್ ಜೇಬಿಗಿಳಿಸಿದ್ದೆ.

ಈಗ ಹಾಗೆ ಮಾಡುವುದಿಲ್ಲ. ಹವಾಮಾನ ಇಲಾಖೆಯ ಕೃಷಿ ಸಲಹೆ ಜಿಲ್ಲೆವಾರು ಮಂಗಳವಾರ, ಶುಕ್ರವಾರ ಬರುತ್ತದೆ. ಮೇಘದೂತ್ ಆ್ಯಪ್‌ನಲ್ಲಿ ಕನ್ನಡದಲ್ಲೂ ಸಿಗುತ್ತದೆ. ಆ ಸಲಹೆಯ ಮೊದಲಿಗೆ ಮುಂದಿನ ಐದು ದಿನದ ಕೋಷ್ಟಕ ಇರುತ್ತದೆ. ಎಲ್ಲರೂ ಮಳೆಯ ಸಾಲು ನೋಡಿ, ಸೊನ್ನೆ ಇದ್ದರೆ ಮುಚ್ಚಿಬಿಡುತ್ತಾರೆ. ಚಳಿಗಾಲದಲ್ಲಿ ನಾನು ಮೊದಲು ನೋಡುವುದು ಮೋಡದ ಸಾಲು. ಆಕಾಶವನ್ನು ಎಂಟು ಪಾಲು ಮಾಡಿ, ಅದರಲ್ಲಿ ಎಷ್ಟು ಪಾಲು ಮೋಡ ಅಂತ ಅಂಕಿ ಕೊಟ್ಟಿರುತ್ತಾರೆ. ಸೊನ್ನೆ ಅಂದರೆ ಬಯಲು ಆಕಾಶ, ಎಂಟು ಅಂದರೆ ಪೂರ್ತಿ ಮುಚ್ಚಿದೆ ಅಂತ.

ಮಳೆ ಸೊನ್ನೆ, ಮೋಡ ಆರು. ಈ ಜೋಡಿ ಕಂಡರೆ ನನಗೆ ನಿದ್ದೆ ಬರುವುದಿಲ್ಲ.

ಹಗಲು ನೆಲ ಕುಡಿದ ಬಿಸಿ ರಾತ್ರಿ ಆಕಾಶಕ್ಕೆ ಹೋಗಬೇಕು, ಆಗಲೇ ಚಳಿ. ಮೋಡ ಬಂತೆಂದರೆ ಹೊಲದ ಮೇಲೆ ಕೌದಿ ಹೊಚ್ಚಿದ ಹಾಗೆ, ಬಿಸಿ ಅಲ್ಲೇ ಉಳಿಯುತ್ತದೆ. ಎಲೆ ತಣ್ಣಗಾಗುವುದಿಲ್ಲ, ಇಬ್ಬನಿ ಕಟ್ಟುವುದಿಲ್ಲ. ಮೂರ್ನಾಲ್ಕು ದಿನ ಹೀಗೇ ಹೋದರೆ ಕಡಲೆಗೆ ಕಾಯಿಕೊರಕ ಕೀಡೆ ಏರುತ್ತದೆ, ತೊಗರಿ ಹೂ ಉದುರಿಸುತ್ತದೆ. ಪೇಟೆಯವರು ಚಳಿ ಕಮ್ಮಿ ಆಯಿತು ಅಂತ ಖುಷಿಪಡುವ ದಿನಗಳೇ ನಮಗೆ ಕೆಟ್ಟ ದಿನಗಳು.

ಕಾಗದದ ಅಂಕಿಯನ್ನು ಹೊಲಕ್ಕೆ ತಾಳೆ ಹಾಕುವುದು ಇನ್ನೊಂದು ಕೆಲಸ. ಗರಿಷ್ಠ, ಕನಿಷ್ಠ ಎರಡನ್ನೂ ತೋರಿಸುವ ಒಂದು ಥರ್ಮಾಮೀಟರ್ ತಂದೆ. ಮೊದಲು ಅದನ್ನು ನಮ್ಮ ಶೆಡ್ಡಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ್ದೆ. ಬೆಳಗ್ಗೆ ಕೈ ಸೆಟೆಯುವಷ್ಟು ಚಳಿ, ಅದು ನೋಡಿದರೆ 19 ಡಿಗ್ರಿ ತೋರಿಸುತ್ತಿತ್ತು! ಗೋಡೆ ಹಗಲಿನ ಬಿಸಿಯನ್ನು ರಾತ್ರಿಯೆಲ್ಲ ಬಿಡುತ್ತಿತ್ತು, ಅಷ್ಟೇ. ಆಮೇಲೆ ಹೊಲದ ನಡುವೆ ಗೂಟ ನೆಟ್ಟು, ಎದೆಯೆತ್ತರಕ್ಕೆ, ಗಾಳಿಯಾಡುವ ಮರದ ಡಬ್ಬಿಯೊಳಗೆ ಇಟ್ಟೆ. ಒಂದು ತಿಂಗಳು ಬರೆದಿಟ್ಟ ಮೇಲೆ ಒಂದು ವಿಷಯ ತಿಳಿಯಿತು. ಗಾಳಿ ಇಲ್ಲದ, ಮೋಡ ಇಲ್ಲದ ರಾತ್ರಿ ನಮ್ಮ ತಗ್ಗಿನ ಹೊಲ ಮುನ್ಸೂಚನೆಗಿಂತ ಒಂದೆರಡು ಡಿಗ್ರಿ ಕೆಳಗೇ ಇರುತ್ತದೆ. ಈಗ ಅಂಥ ರಾತ್ರಿಗೆ ನಾನೇ ಎರಡು ಕಳೆದು ಓದುತ್ತೇನೆ. ಬಯಲು ಪ್ರದೇಶದಲ್ಲಿ ಶೀತ ಅಲೆ ಎನ್ನಬೇಕಾದರೆ ಕನಿಷ್ಠ ತಾಪಮಾನ 10 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಬರಬೇಕು, ವಾಡಿಕೆಗಿಂತ 4.5 ಡಿಗ್ರಿಯಾದರೂ ಇಳಿದಿರಬೇಕು. ನಮ್ಮಲ್ಲಿ 13ಕ್ಕೇ ಜನ ಬೆಂಕಿ ಹಾಕಿಕೊಂಡು ಕೂರುತ್ತಾರೆ. ಕಡಲೆಗೆ ಮಾತ್ರ ಅದು ಹಬ್ಬ.

ಥರ್ಮಾಮೀಟರ್ ಬರುವ ಮುಂಚೆ ನಮ್ಮ ಮನೆಯಲ್ಲಿ ಇನ್ನೊಂದು ಸಾಧನ ಇತ್ತು. ಅವ್ವನ ಅರಿವೆ. ಕಡಲೆ ಹುಳಿ ಹಿಡಿಯಲು ಹಳೆಯ ಬಿಳಿ ಧೋತರದ ತುಂಡನ್ನು ರಾತ್ರಿ ಗಿಡಗಳ ಮೇಲೆ ಹಾಸಿ ಬರುತ್ತಿದ್ದಳು. ಕಡಲೆ ಎಲೆ ಹುಳಿ ಬಿಡುತ್ತದಲ್ಲ, ಅದು ಇಬ್ಬನಿಯಲ್ಲಿ ಕರಗಿ ಬಟ್ಟೆಗೆ ಇಳಿಯುತ್ತದೆ. ಬೆಳಗಿನ ಜಾವ ಹಿಂಡಿ ಸೀಸೆಯಲ್ಲಿ ತುಂಬಿಡುತ್ತಿದ್ದಳು. ಹೊಟ್ಟೆನೋವಿಗೆ ನಮಗೆಲ್ಲ ಅದೇ ಔಷಧಿ. ಒಂದು ದಿನ ಬಟ್ಟೆಯನ್ನು ಹಾಗೇ ಮಡಚಿಕೊಂಡು ಬಂದಳು. "ಅರಿವಿ ಒಣಗಿನೇ ಐತಿ. ಮೋಡ ಆಗತೈತಿ ನೋಡಪಾ" ಅಂದಳು. ಆಕಾಶದಲ್ಲಿ ಆಗ ನನಗೆ ಏನೂ ಕಂಡಿರಲಿಲ್ಲ. ಮಧ್ಯಾಹ್ನ ಮೂಡಗಾಳಿ ಜೊತೆ ತೆಳುವಾಗಿ ಬಂತು. ಪ್ರತಿ ಸಲ ಹೀಗಾಗುತ್ತದೆ ಅಂತ ಹೇಳಲಾರೆ. ಗಾಳಿ ಜೋರಿದ್ದರೂ ಬಟ್ಟೆ ಒಣಗಿಯೇ ಇರುತ್ತದೆ, ಅದಕ್ಕೆ ಮೋಡವೇ ಬೇಕಿಲ್ಲ.

ನಮ್ಮ ಮೋಡ ಬರುವುದು ಸಾಮಾನ್ಯವಾಗಿ ಬಂಗಾಳಕೊಲ್ಲಿಯಿಂದ. ಹಿಂಗಾರು ಮಳೆಯ ದೊಡ್ಡ ಪಾಲು ತಮಿಳುನಾಡಿಗೆ, ರಾಯಲಸೀಮೆಗೆ, ನಮ್ಮ ರಾಜ್ಯದ ದಕ್ಷಿಣ ಒಳನಾಡಿಗೆ. ನಮಗೆ ಸಿಗುವುದು ಅದರ ಸೆರಗು. 2024ರ ನವೆಂಬರ್ 30ರಂದು ಫೆಂಗಲ್ ಚಂಡಮಾರುತ ಪುದುಚೇರಿ ಹತ್ತಿರ ದಡ ಸೇರಿತು. ಬಲ ಕಳೆದುಕೊಂಡು ಪಶ್ಚಿಮಕ್ಕೆ ಸರಿದು ಅರಬ್ಬೀ ಸಮುದ್ರದ ಕಡೆ ಹೋಯಿತು. ಪುದುಚೇರಿ ನಮಗೆ ಎಷ್ಟೋ ದೂರ. ಆದರೂ ಟಿವಿಯಲ್ಲಿ ಅದರ ಸುದ್ದಿ ಕೇಳಿದ ದಿನವೇ ನಾನು ಎರಡು ಕೆಲಸ ಮಾಡಿದೆ. ಕುಡಿ ಚಿವುಟುವ ಆಳುಗಳನ್ನು ಒಂದು ದಿನ ಮುಂಚೆ ಕರೆದೆ. ಹೊಲದಲ್ಲಿ ನೀರು ಬಸಿಯುವ ದಾರಿ ಬಿಡಿಸಿದೆ. ನಮ್ಮಲ್ಲಿ ಬಿದ್ದದ್ದು ಬರೀ ತುಂತುರು, ರಾತ್ರಿಯ ಚಳಿ ಮಾತ್ರ ಮಾಯ. ಔಷಧಿ ಅಂಗಡಿಯಲ್ಲಿ ಆಗಲೇ ಸಾಲು ಹಚ್ಚಿದ್ದರು. ನಾನು ಹೋಗಲಿಲ್ಲ. ಮೋಡ ಇರುವಾಗ ಹೊಡೆದು, ಹನಿ ಬಂದು ತೊಳೆದುಹೋದರೆ ಮತ್ತೆ ಹೊಡೆಯಬೇಕು, ಅಲ್ವಾ? ಹೆಣ್ಣು ಪತಂಗದ ವಾಸನೆ ಇಟ್ಟು ಗಂಡನ್ನು ಹಿಡಿಯುವ ಮೋಹಕ ಬಲೆಯಲ್ಲಿ ದಿನಾ ಬೆಳಗ್ಗೆ ಕಾಯಿಕೊರಕದ ಪತಂಗ ಎಣಿಸಿದೆ. ಕುಡಿಯ ಮೇಲೆ ಬಿಳಿ ಮೊಟ್ಟೆ ಹುಡುಕಿದೆ. ಕೋಷ್ಟಕದಲ್ಲಿ ಮೋಡ ಎರಡಕ್ಕೆ ಇಳಿಯುವ ದಿನಕ್ಕೆ ಕಾದು, ಮರಿಹುಳು ಚಿಕ್ಕದಿರುವಾಗಲೇ ಎಮಾಮೆಕ್ಟಿನ್ ಬೆಂಜೋಯೇಟ್ ಲೀಟರಿಗೆ 0.2 ಗ್ರಾಂ ಲೆಕ್ಕದಲ್ಲಿ ಒಂದೇ ಸಲ ಹೊಡೆದೆ. ಕಡಲೆ ಜೊತೆ ಅಲ್ಲಲ್ಲಿ ಜೋಳದ ಕಾಳು ಬಿತ್ತಿರುತ್ತೇನೆ, ಬೆಳೆದ ದಂಟಿನ ಮೇಲೆ ಹಕ್ಕಿ ಕೂರಲಿ ಅಂತ. ಉಳಿದ ಹುಳುವನ್ನು ಅವು ನೋಡಿಕೊಂಡವು.

ಎಷ್ಟು ದಿನದ ಮುನ್ಸೂಚನೆಯನ್ನು ಎಷ್ಟು ನಂಬುತ್ತೇನೆ? ಎರಡು ದಿನದ್ದಾದರೆ ಆಳು ಕರೆಯುತ್ತೇನೆ. ಐದು ದಿನದ್ದಾದರೆ ಹೇಳಿ ಇಡುತ್ತೇನೆ, ಮುಂಗಡ ಕೊಡುವುದಿಲ್ಲ. ಗುರುವಾರ ಇಲಾಖೆ ನಾಲ್ಕು ವಾರದ ಒಂದು ಅಂದಾಜು ಕೊಡುತ್ತದೆ, ಅದರಲ್ಲಿ ಮೊದಲ ಎರಡು ವಾರ ಮಾತ್ರ ಓದುತ್ತೇನೆ. ಇನ್ನು ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಚಳಿಗಾಲದ ಮುನ್ನೋಟ. ಅದು ದೇಶದ ನಕ್ಷೆ, ನಮ್ಮ ಹೊಲ ಅದರಲ್ಲಿ ಒಂದು ಚುಕ್ಕಿಯೂ ಅಲ್ಲ. ರಾತ್ರಿ ತಾಪಮಾನ ವಾಡಿಕೆಗಿಂತ ಜಾಸ್ತಿ ಅಂತ ನಮ್ಮ ಭಾಗಕ್ಕೆ ಬಣ್ಣ ಹಚ್ಚಿದ್ದರೆ, ಬಲೆಗಳನ್ನು ವಾರ ಮುಂಚೆ ಕಟ್ಟುತ್ತೇನೆ. ಅಷ್ಟಕ್ಕೇ ಅದರ ಉಪಯೋಗ.

ಬಿತ್ತುವ ದಿನಕ್ಕೆ ಮಾತ್ರ ಯಾವ ಆ್ಯಪನ್ನೂ ಕೇಳುವುದಿಲ್ಲ. ಒಂದು ವರ್ಷ ಅಕ್ಟೋಬರ್ ಮೊದಲ ವಾರ ಮಳೆ ಬಿಟ್ಟದ್ದೇ ತಡ, ಎಲ್ಲರಿಗಿಂತ ಮುಂಚೆ ಕೂರಿಗೆ ಹೂಡಿದೆ. ನೆಲ ಇನ್ನೂ ಬೆಚ್ಚಗಿತ್ತು, ಹಸಿಯೂ ಅತಿ. ಬುಡ ಕೊಳೆತು ಸಾಲು ಸಾಲೇ ಹೋಯಿತು, ಎರಡನೇ ಸಲ ಬೀಜ ತರಬೇಕಾಯಿತು. ಪಕ್ಕದ ಹೊಲದ ಕಾಕಾ ಹತ್ತು ದಿನ ತಡೆದು, ಚಿತ್ತಿ ಮಳೆ ನೋಡಿಕೊಂಡು ಬಿತ್ತಿದ್ದರು. ಅವರ ಅಳತೆ ಸರಳ. ಒಂದು ಗೇಣು ಆಳದ ಮಣ್ಣು ತೆಗೆದು ಉಂಡೆ ಕಟ್ಟುತ್ತಾರೆ, ಎದೆಯೆತ್ತರದಿಂದ ಬಿಡುತ್ತಾರೆ. ಚಪ್ಪಟೆಯಾಗಿ ಅಂಟಿದರೆ ಮನೆಗೆ. ಒಡೆದು ನಾಲ್ಕು ಹೋಳಾದರೆ ಕೂರಿಗೆ ಹೊರಗೆ. ಈಗ ನಾನೂ ಹಾಗೇ ಉಂಡೆ ಬಿಡುತ್ತೇನೆ. ಬೇಸಾಯದ ಎತ್ತು ಅವರದೇ ಆದ್ದರಿಂದ, ಉಂಡೆ ಒಡೆದ ದಿನ ಮೊದಲು ಅವರ ಹೊಲ, ಆಮೇಲೆ ನಮ್ಮದು.