ಆ್ಯಪ್ ಮಾಡುವವರಿಗೆ: ನೋಟಿಫಿಕೇಶನ್ ಬೇರ್ಪಡಿಸಿ
ಎಲ್ಲ ನೋಟಿಫಿಕೇಶನ್‌ಗಳನ್ನೂ ಒಂದೇ ಚಾನೆಲ್‌ಗೆ (ಒಂದು ಬಗೆಯ ನೋಟಿಫಿಕೇಶನ್ ಇಡುವ ಗುಂಪಿಗೆ) ತುರುಕಬೇಡಿ. ಆಫರ್‌ಗಳ ಕಾಟ ತಾಳದೆ ಜನ ಪೂರ್ತಿ ಬಂದ್ ಮಾಡಿಬಿಡುತ್ತಾರೆ, ಜೊತೆಗೆ ಬೇಕಾದ ಮೆಸೇಜೂ ತಪ್ಪುತ್ತದೆ. ಆಂಡ್ರಾಯ್ಡ್ 8ರಿಂದ ಈಚೆಗೆ ಚಾನೆಲ್‌ಗಳನ್ನು ಬೇರೆ ಮಾಡಬಹುದು. ಮನುಷ್ಯರು ಕಳಿಸಿದ ಮೆಸೇಜಿಗೆ ಸದ್ದು ಇರಲಿ. ಲೈಕ್, ಆಫರ್‌ಗಳಿಗೆ ‘ಲೋ’ ಇಂಪಾರ್ಟೆನ್ಸ್ ಕೊಟ್ಟರೆ ಸದ್ದಿಲ್ಲದೆ ಬಂದು ಕೂರುತ್ತವೆ, ಅಷ್ಟು ಸಾಕು. ಇದನ್ನು ಮೊದಲೇ ಯೋಚಿಸಿ ಹೊಂದಿಸಿ. ಚಾನೆಲ್ ಸೃಷ್ಟಿಯಾದ ಮೇಲೆ ಅದರ ಮಟ್ಟವನ್ನು ಕೋಡ್‌ನಿಂದ ಏರಿಸಲು ಬರುವುದಿಲ್ಲ, ಬಳಸುವವರೇ ಸೆಟ್ಟಿಂಗ್ಸ್‌ಗೆ ಹೋಗಿ ಬದಲಿಸಬೇಕು.

ಆ್ಯಪ್ ತೆರೆದ ಕೂಡಲೇ ನೋಟಿಫಿಕೇಶನ್ ಕಳಿಸಲು ಅನುಮತಿ ಕೇಳುವ ಅವಸರವೂ ಬೇಡ. ಆಂಡ್ರಾಯ್ಡ್ 13ರಲ್ಲಿ ಎರಡು ಸಲ ‘ಬೇಡ’ ಅಂದರೆ ಆ ಪ್ರಶ್ನೆ ಮತ್ತೆ ಮೂಡುವುದಿಲ್ಲ. ಬಳಸುವವರು ಮೊದಲ ಮೆಸೇಜ್ ಕಳಿಸಿದಾಗ ಕೇಳಿ, ಕಾರಣ ಅವರಿಗೇ ಗೊತ್ತಿರುತ್ತದೆ.

ಐಫೋನ್‌ನಲ್ಲಿ ಐಒಎಸ್ 15ರಿಂದ ಆಫರ್‌ಗಳಿಗೆ ‘ಪ್ಯಾಸಿವ್’ (ಸದ್ದಿಲ್ಲದೆ ಬರುವ) ಮಟ್ಟವಿದೆ. ಅದನ್ನು ಬಿಟ್ಟು ‘ಟೈಮ್ ಸೆನ್ಸಿಟಿವ್’ (ತಕ್ಷಣ ನೋಡಬೇಕಾದದ್ದು) ಎಂದು ಹಾಕುವುದು ಶುದ್ಧ ಮೋಸ.